ಮಸ್ಕತ್ ಡೈರಿ – 14: ಗಾಂಜಾ ಮೊದಲೋ, ಕಾಯಿಲೆ ಮೊದಲೋ?

ಹೋದ ವಾರ ನೈಟ್ ಡ್ಯೂಟಿ ಮುಗಿಸಿ ರೂಮಿಗೆ ಬಂದಾಗ ಊರಿನ ಅಕ್ಕ ಒಬ್ಬರ ವಾಯ್ಸ್ ಮೆಸೇಜ್ ಬಂದಿತ್ತು. ಮಗನಿಗೆ 17. ರಾತ್ರಿ ನಿದ್ದೆ ಇಲ್ಲ, ಯಾರೋ ಬೈಯೋದು ಕೇಳುತ್ತೆ ಅಂತಾನೆ. ಬ್ಯಾಗಲ್ಲಿ ಗಾಂಜಾ ಸಿಕ್ಕಿದೆ. "ಸೇದೋದು ಬಿಟ್ಟರೆ ಸರಿಹೋಗ್ತಾನೆ ಅಲ್ವಾ? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತಂತೆ." ಅವರು ಒಪ್ಪಿದ ಮೇಲೇ ಬರೀತಿದ್ದೀನಿ, ಯಾರು ಅಂತ ದಯವಿಟ್ಟು ಕೇಳಬೇಡಿ.

ಈ ಪ್ರಶ್ನೆ ಬಹಳ ಹಳೇದು. ಗಾಂಜಾದಿಂದ ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಅನ್ನೋ ದೂರು ಬಂದು, 1893ರಲ್ಲಿ ಬ್ರಿಟಿಷರು ನಮ್ಮ ದೇಶದಲ್ಲಿ ಗಾಂಜಾ, ಭಂಗಿ, ಚರಸ್ ಬಗ್ಗೆ ಒಂದು ಆಯೋಗ ಮಾಡಿದರು. ಆಯೋಗ 1892ರಲ್ಲಿ ಸೇರಿಸಿದವರ ಕಾಗದಪತ್ರ ತೆಗೆಸಿ ನೋಡಿತು. ಫಾರಂನಲ್ಲಿ "ಕಾರಣ" ಅಂತ ಒಂದು ಕಾಲಂ. ರೋಗಿ ಸೇದುತ್ತಿದ್ದ ಅಂತ ಪೊಲೀಸರು ಹೇಳಿದರೆ ಸಾಕು, ಅಲ್ಲಿ "ಗಾಂಜಾ" ಅಂತ ಬಿತ್ತು. ಮತ್ತೆ ವಿಚಾರಿಸಿದಾಗ 1344 ಜನರಲ್ಲಿ ಆ ಕಾರಣ ನಿಂತದ್ದು 98 ಜನರಿಗೆ, ಅದೂ ಬೇರೆ ಕಾರಣ ಕೂಡಿದ್ದವರನ್ನೂ ಸೇರಿಸಿ. ದಿನಾ ಕೇಸ್ ಶೀಟ್ ತುಂಬುವ ನನಗೆ ಇದನ್ನು ಓದಿ ಮುಜುಗರವೇ ಆಯ್ತು.

ಹಾಗಂತ ಗಾಂಜಾ ಏನೂ ಮಾಡಲ್ಲ ಅಂತಲ್ಲ. ಸ್ವೀಡನ್‌ನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಹುಡುಗರನ್ನು 15 ವರ್ಷ ಗಮನಿಸಿ 1987ರಲ್ಲಿ ವರದಿ ಪ್ರಕಟಿಸಿದರು. 50 ಸಲಕ್ಕಿಂತ ಹೆಚ್ಚು ಸೇದಿದವರಲ್ಲಿ ಸ್ಕಿಜೋಫ್ರೀನಿಯಾ ಸುಮಾರು ಆರು ಪಟ್ಟು. ಆದರೂ ಸೇದಿದವರಲ್ಲಿ ಬಹುಪಾಲು ಜನಕ್ಕೆ ಈ ಕಾಯಿಲೆ ಬರಲಿಲ್ಲ, ಕಾಯಿಲೆ ಬಂದ ಎಷ್ಟೋ ಜನ ಸೇದಿದವರೇ ಅಲ್ಲ. ತಲೆಯೊಳಗಿನ ಗಲಾಟೆ ತಾಳಲಾರದೆ, ಒಂದು ಗಳಿಗೆ ನಿದ್ದೆ ಬರಲಿ ಅಂತ ಸೇದುವ ಹುಡುಗರೂ ಇದ್ದಾರೆ.

ನಾನಿರುವ ಒಮಾನ್‌ನಲ್ಲೂ ಹಿಂದೆ ಇಂಥ ಹುಡುಗರಿಗೆ "ಜಿನ್ ಹಿಡಿದಿದೆ" ಅನ್ನುತ್ತಿದ್ದರು, ನಮ್ಮಲ್ಲಿ ಗಾಳಿ ಸೋಕಿದೆ ಅನ್ನೋ ಹಾಗೆ. ಈಗಲೂ ಅನ್ನುವವರಿದ್ದಾರೆ ಬಿಡಿ. 1983ರಲ್ಲಿ ಮಸ್ಕತ್‌ನಲ್ಲಿ ಇಬ್ನ್ ಸಿನಾ ಮಾನಸಿಕ ಆಸ್ಪತ್ರೆ ಶುರುವಾಯ್ತು. 2013ರಲ್ಲಿ ಅದರ ಜಾಗಕ್ಕೆ ಅಮೆರಾತ್‌ನಲ್ಲಿ ಮಸರ್ರಾ ಆಸ್ಪತ್ರೆ ಬಂತು. ಮಸರ್ರಾ ಅಂದರೆ ಸಂತೋಷ. ಮನಸ್ಸಿನ ಕಾಯಿಲೆಗೂ ಚಟಕ್ಕೂ ಅಲ್ಲಿ ಒಂದೇ ಕಡೆ ಚಿಕಿತ್ಸೆ. ನನಗೆ ಬಹಳ ಹಿಡಿಸಿದ್ದು ಇದೇ. ಎಷ್ಟೋ ಕಡೆ "ಮೊದಲು ಚಟ ಬಿಡಿಸ್ಕೊಂಡು ಬನ್ನಿ" ಅಂತ ಒಬ್ಬರು, "ಮೊದಲು ತಲೆ ಸರಿಮಾಡಿಸ್ಕೊಂಡು ಬನ್ನಿ" ಅಂತ ಇನ್ನೊಬ್ಬರು, ಮಧ್ಯೆ ಅಮ್ಮಂದಿರು ಅಲೆಯುತ್ತಾರೆ.

ಪೊಲೀಸ್ ಭಯದ ಬಗ್ಗೆ. ತಾನಾಗಿ ಚಿಕಿತ್ಸೆಗೆ ಬಂದವರ ಮೇಲೆ ಕೇಸ್ ಹಾಕಬಾರದು ಅಂತ ಒಮಾನ್‌ನ 1999ರ ಕಾನೂನು ಹೇಳುತ್ತೆ. ನಮ್ಮ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂನಲ್ಲೂ, ಸೇದಿದ್ದಕ್ಕೆ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸಾದ ವ್ಯಸನಿ ತಾನೇ ಒಪ್ಪಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ವಿನಾಯಿತಿ ಇದೆ. ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ಹೋಗಬಹುದು.

ಅಕ್ಕನಿಗೆ ನಿಮ್ಹಾನ್ಸ್‌ಗೆ ಹೋಗಿ ಅಂದೆ, ಅಲ್ಲಿ ಎರಡೂ ವಿಭಾಗ ಇವೆ. "ಏನೇನು ತಗೊಂಡು ಹೋಗ್ಲಿ?" ಅಂದರು. ಆಧಾರ್ ಕಾರ್ಡ್, ಎರಡು ಜೊತೆ ಬಟ್ಟೆ, ಮತ್ತೆ ಒಂದು ಹಾಳೆ: ನಿದ್ದೆ ಕೆಟ್ಟದ್ದು ಯಾವಾಗ, ದನಿ ಕೇಳಿಸಿದ್ದು ಯಾವಾಗ, ಸೇದಲು ಶುರುಮಾಡಿದ್ದು ಯಾವಾಗ, ತಾರೀಖು ನೆನಪಿದ್ದಷ್ಟು ಬರೆದಿರಿ ಅಂದೆ. ಕಾರಣ ಬರೆಯೋದು ಬೇಡ, ಅದನ್ನು ಡಾಕ್ಟರ್ ನೋಡ್ಕೊಳ್ತಾರೆ. ಭಾನುವಾರ ರಾತ್ರಿ ಬಸ್ಸಿಗೆ ಹೊರಡ್ತಿದ್ದಾರೆ.