ಬಗ್ದಾದಿನ ರೋಗಿ, ಬೆಂಗಳೂರಿನ ಕಾನೂನು: ಭಂಗಿ ಸೊಪ್ಪಿನ ಔಷಧ ಚರಿತ್ರೆ

ಹದಿನೈದನೆಯ ಶತಮಾನದ ಅರಬ್ ಲೇಖಕ ಇಬ್ನುಲ್ ಬದ್ರಿ ಒಬ್ಬ ಅಪಸ್ಮಾರ ರೋಗಿಯ ವೃತ್ತಾಂತವನ್ನು ದಾಖಲಿಸಿದ್ದಾರೆ. ರೋಗಿಯ ಹೆಸರು ಝಹೀರುದ್ದೀನ್ ಮುಹಮ್ಮದ್. ತಂದೆ ಬಗ್ದಾದಿನ ಖಿಲಾಫತ್ ದರ್ಬಾರಿನ ಅಧಿಕಾರಿ. ಅಲಿ ಇಬ್ನ್ ಮಕ್ಕಿ ಎಂಬ ಕವಿ, ಅವನು ಒಲ್ಲೆನೆಂದರೂ ಬಿಡದೆ, ಹಶೀಶನ್ನು ಔಷಧವಾಗಿ ಕೊಟ್ಟನು. ನಮ್ಮ ನಾಡಿನಲ್ಲಿ ಭಂಗಿ ಸೊಪ್ಪು ಎನ್ನುವ ಗಿಡವೇ ಅದು. ರೋಗ ಸಂಪೂರ್ಣ ಗುಣವಾಯಿತು. ಆದರೆ ಮುಂದೆ ಅದಿಲ್ಲದೆ ಒಂದು ಗಳಿಗೆಯೂ ಇರಲಾರದವನಾದನು.

ಗುಣವೂ ವ್ಯಸನವೂ ಒಂದೇ ಗಿಡದಿಂದ ಬಂದಾಗ ತೀರ್ಪು ಸುಲಭವಲ್ಲ. ಅಮಲೇರಿಸುವುದನ್ನು ಮಾತ್ರವಲ್ಲ, ದೇಹವನ್ನು ಜಡಗೊಳಿಸುವುದನ್ನೂ ಪ್ರವಾದಿ(ಸ) ತಡೆದರೆಂದು ಉಮ್ಮು ಸಲಮಾ(ರ) ಅವರ ವರದಿ ಅಬೂ ದಾವೂದ್‌ನಲ್ಲಿದೆ. ಇಬ್ನು ತೈಮಿಯ್ಯ(ರ) ಹಶೀಶನ್ನು ಮದ್ಯದಂತೆಯೇ ಕಂಡರು. ಮಾಲಿಕೀ ವಿದ್ವಾಂಸ ಅಲ್ ಖರಾಫಿ(ರ) ಅದನ್ನು ಮದ್ಯದಿಂದ ಬೇರ್ಪಡಿಸಿ, ಬುದ್ಧಿಯನ್ನು ಕೆಡಿಸುವ ವಸ್ತುವೆಂದರು. ಆದ್ದರಿಂದ ಮದ್ಯದ ನಿಗದಿತ ಶಿಕ್ಷೆ ಇದಕ್ಕೆ ಸಲ್ಲದು, ನ್ಯಾಯಾಧೀಶನ ವಿವೇಚನೆಯ ದಂಡನೆ ಸಾಕು. ಅಝ್ಝರ್ಕಶಿ(ರ) ಹಶೀಶ್ ನಿಷಿದ್ಧವೆಂದು ಸಾಧಿಸಲೆಂದೇ ಬರೆದ ಗ್ರಂಥದಲ್ಲೂ ಚಿಕಿತ್ಸೆಯ ಪ್ರಶ್ನೆಯನ್ನು ಪ್ರತ್ಯೇಕವಾಗಿ ಎತ್ತಿಕೊಂಡರು. ಇದು ಗಮನಾರ್ಹ.

1839ರಲ್ಲಿ ಕಲ್ಕತ್ತೆಯ ವೈದ್ಯ ಒ'ಶಾನೆಸ್ಸಿ ಧನುರ್ವಾಯು, ಸಂಧಿವಾತಗಳ ಮೇಲೆ ಇದನ್ನು ಪ್ರಯೋಗಿಸಿ ಪ್ರಕಟಿಸಿದರು. ಚಾಮರಾಜಪೇಟೆ ರೂಪುಗೊಂಡು ಬಸವನಗುಡಿ ಇನ್ನೂ ಹುಟ್ಟಬೇಕಿದ್ದ 1893-94ರಲ್ಲಿ ಬ್ರಿಟಿಷ್ ಸರಕಾರದ ಆಯೋಗವು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಸಂಪೂರ್ಣ ನಿಷೇಧ ಬೇಡ, ನಿಯಂತ್ರಣ ಮತ್ತು ತೆರಿಗೆ ಸಾಕೆಂದಿತು. (ತೆರಿಗೆಯ ಆಸೆಯೂ ಅದರಲ್ಲಿತ್ತೆನ್ನಿ!) ಬಳಿಕ 1961ರ ಅಂತಾರಾಷ್ಟ್ರೀಯ ಒಪ್ಪಂದ ಬಂತು, 14 ನವೆಂಬರ್ 1985ರಿಂದ ಎನ್‌ಡಿಪಿಎಸ್ ಕಾಯ್ದೆ ಜಾರಿಯಾಯಿತು.

ಈ ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ-ಕಾಯಿಯ ತುದಿ; ಅದರೊಂದಿಗೆ ಬೆರೆಯದ ಎಲೆ ಮತ್ತು ಬೀಜ ಅದರಲ್ಲಿ ಸೇರವು. ಭಾಂಗ್ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟು 2022ರ ಆಗಸ್ಟಿನಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಹೇಳಿ ಆರೋಪಿಗೆ ಜಾಮೀನು ನೀಡಿತು. ಆಯುರ್ವೇದ ಮತ್ತು ಯುನಾನಿ ಔಷಧಗಳಲ್ಲಿ ಭಂಗಿಯ ಬಳಕೆಗೆ ಕಾನೂನಿನಲ್ಲಿ ಸ್ಥಾನವಿದೆ, ಆದರೆ ವೈದ್ಯರ ಮೇಲ್ವಿಚಾರಣೆ ಕಡ್ಡಾಯ.

ಬಸವನಗುಡಿಯ ಮನೆಯೊಂದರಲ್ಲಿ ಬಹುಕಾಲದ ನೋವಿನಿಂದ ಬಳಲುವ ಹಿರಿಯರಿದ್ದಾರೆಂದುಕೊಳ್ಳಿ. ಪರವಾನಗಿಯುಳ್ಳ ವೈದ್ಯರು ಬರೆದುಕೊಟ್ಟ ಔಷಧದಿಂದ ಭಯವಿಲ್ಲ. ಆದರೆ ಮಗನು ಕನಿಕರದಿಂದ ಎಲ್ಲಿಂದಲೋ ಗಾಂಜಾ ತಂದುಕೊಟ್ಟರೆ, ಒಂದು ಕಿಲೋದೊಳಗಿನ ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಕಠಿಣ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಿತ್ತಿಲ ಕುಂಡದಲ್ಲಿ ಗಿಡ ಬೆಳೆಸಿದರಂತೂ ಶಿಕ್ಷೆ ಹತ್ತು ವರ್ಷದವರೆಗೆ ಹೋಗಬಹುದು. ರೋಗವಿತ್ತೆಂಬುದು ಅಪರಾಧವನ್ನು ಅಳಿಸದು. ಅಲ್ ಖರಾಫಿಯವರು ಬಿಟ್ಟುಕೊಟ್ಟ ವಿವೇಚನೆಯ ಜಾಗ ಇಲ್ಲಿ ಇಕ್ಕಟ್ಟಾಗಿದೆಯೆಂದೇ ನನಗನಿಸುತ್ತದೆ.

ಝಹೀರುದ್ದೀನನ ರೋಗಕ್ಕೆ ಇಂದು ಶುದ್ಧೀಕರಿಸಿದ ರೂಪವೂ ಸಿಕ್ಕಿದೆ: ಈ ಗಿಡದಿಂದ ತೆಗೆದ, ಅಮಲೇರಿಸದ ಸಿಬಿಡಿಯ ಔಷಧವನ್ನು ಅಮೆರಿಕವು 2018ರಲ್ಲಿ ಎರಡು ವಿರಳ ಅಪಸ್ಮಾರಗಳಿಗೆ ಒಪ್ಪಿತು. ಭಾರತದ ಸಂಸತ್ತು 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದು, ಅಫೀಮಿನಿಂದ ಬರುವ ಮಾರ್ಫಿನ್‌ನಂತಹ ನೋವುನಿವಾರಕಗಳು ರೋಗಿಗಳಿಗೆ ಸುಲಭವಾಗಿ ದೊರೆಯಲು ದಾರಿ ಮಾಡಿತು. ಅದರಂತೆ ಗುರುತಿಸಲಾದ ಆರು ಔಷಧಗಳಲ್ಲಿ ಗಾಂಜಾ ಇಲ್ಲ.