ಕುದುರೆ ಸರ್ಕಾರದ್ದು, ಸವಾರ ಚನ್ನಗಿರಿಯವನು



ಇವತ್ತಿನ ನನ್ನ ಪ್ರಶ್ನೆ ಕೇಳಿ ಕೆಲವರಿಗೆ ನಗು ಬರಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕು ತಾಲ್ಲೂಕುಗಳ ಡಿಗ್ರಿ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣದ ಒಂದು ಕೋರ್ಸ್ ಆಗಿ ಕುದುರೆ ಸವಾರಿಯನ್ನು ಯಾಕೆ ಕಲಿಸಬಾರದು? ಕಬಡ್ಡಿ ಇದೆ, ಖೋ ಖೋ ಇದೆ, ವಾಲಿಬಾಲ್ ಇದೆ, ಯೋಗ ಇದೆ. ಕುದುರೆ ಮಾತ್ರ ಯಾಕಿಲ್ಲ?

ಸ್ವಾಮಿ, ಕಾಲೇಜಿಗೆ ಸರಿಯಾಗಿ ಬಸ್ಸೇ ಇಲ್ಲ, ಕುದುರೆ ಎಲ್ಲಿಂದ ತರೋದು ಅಂತೀರಿ. ನ್ಯಾಯವಾದ ಮಾತು. ಅದಕ್ಕೆ ಕೊನೆಗೆ ಬರ್ತೀನಿ. ಮೊದಲು ಸ್ವಲ್ಪ ಇತಿಹಾಸ ನೋಡೋಣ. ಯಾಕಂದ್ರೆ ಕುದುರೆ ಅಂದ್ರೆ ಶ್ರೀಮಂತರ ಶೋಕಿ ಅನ್ನೋ ನಂಬಿಕೆ ಈ ನೆಲದ ಮಟ್ಟಿಗೆ ತೀರಾ ಹೊಸದು.

1799ರ ಮೇ 4. ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಆ ಗದ್ದಲದಲ್ಲಿ ಕೋಟೆಯ ಸೆರೆಮನೆಯಿಂದ ಒಬ್ಬ ಕೈದಿ ಹೊರಗೆ ಬಂದ. ಹೆಸರು ಧೋಂಡಿಯಾ ವಾಘ್. ಹುಟ್ಟಿದ್ದು ನಮ್ಮ ಚನ್ನಗಿರಿಯಲ್ಲಿ, ಮರಾಠಾ ಮನೆತನ. ಹೈದರಾಲಿಯ ಅಶ್ವದಳಕ್ಕೆ ಸಾಮಾನ್ಯ ಸವಾರನಾಗಿ ಸೇರಿದವನು. ಕೈಯಲ್ಲಿ ರಾಜ್ಯ ಇರಲಿಲ್ಲ, ಖಜಾನೆ ಇರಲಿಲ್ಲ. ಇದ್ದದ್ದು ಸವಾರಿಯ ವಿದ್ಯೆ ಮಾತ್ರ. ಟಿಪ್ಪುವಿನ ಸೈನ್ಯ ಚದುರಿ, ಕೆಲಸ ಕಳೆದುಕೊಂಡ ಸವಾರರು ಊರೂರಲ್ಲಿ ಇದ್ದರು. ಅವರನ್ನೆಲ್ಲ ಕೂಡಿಸಿಕೊಂಡು ಈ ಮನುಷ್ಯ ತನ್ನನ್ನು 'ಉಭಯ ಲೋಕಾಧೀಶ್ವರ' ಅಂತ ಕರೆದುಕೊಂಡ. ಎರಡೂ ಲೋಕಕ್ಕೆ ಒಡೆಯ!

ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ, ಅದಕ್ಕೂ 15 ವರ್ಷ ಮೊದಲು ಬೆನ್ನಟ್ಟಿದ್ದು ಈ ಚನ್ನಗಿರಿಯ ಸವಾರನನ್ನ. 1800ರ ಜೂನ್‌ನಲ್ಲಿ ವೆಲ್ಲೆಸ್ಲಿಯ ಪಡೆ ಹರಿಹರದ ಹತ್ತಿರ ತುಂಗಭದ್ರೆ ದಾಟಿತು. ತಿಂಗಳುಗಟ್ಟಲೆ ಅಟ್ಟಿಸಿಕೊಂಡು ಹೋಗಬೇಕಾಯಿತು. ಕೊನೆಗೆ ಸೆಪ್ಟೆಂಬರ್ 10ರಂದು ಕೃಷ್ಣಾ–ತುಂಗಭದ್ರೆಯ ನಡುವಿನ ಕೋನಗಲ್‌ನಲ್ಲಿ, ನಾಲ್ಕು ಅಶ್ವದಳಗಳನ್ನು ಒಂದೇ ಸಾಲಲ್ಲಿ ನಿಲ್ಲಿಸಿ, ವೆಲ್ಲೆಸ್ಲಿ ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯಾ ಅಲ್ಲೇ ಸತ್ತ. ಅವನ ಸಣ್ಣ ಮಗ ಸಲಾಬತ್ ಖಾನ್‌ನನ್ನು ಸಾಕುವ ಹೊಣೆಯನ್ನು ವೆಲ್ಲೆಸ್ಲಿಯೇ ಹೊತ್ತ. ಧೋಂಡಿಯಾ ಬ್ರಿಟಿಷರ ಲೆಕ್ಕದಲ್ಲಿ ದರೋಡೆಕೋರ, ನಮ್ಮಲ್ಲಿ ಅನೇಕರಿಗೆ ಸ್ವಾತಂತ್ರ್ಯವೀರ. ಆ ವಾದ ಇನ್ನೊಂದು ದಿನ ಮಾಡೋಣ. ಇವತ್ತು ನನಗೆ ಬೇಕಾಗಿರೋದು ಒಂದೇ ಪ್ರಶ್ನೆ: ಚನ್ನಗಿರಿಯಂಥ ಊರಿನ ಸಾಮಾನ್ಯ ಹುಡುಗರು ಸವಾರರಾಗುತ್ತಿದ್ದದ್ದು ಹೇಗೆ?

ಇಲ್ಲಿ ಎರಡು ಹಳೆಯ ಪದಗಳನ್ನು ನೆನಪಿಟ್ಟುಕೊಳ್ಳಿ. ಒಂದು ಸಿಲ್ಲೇದಾರ, ಇನ್ನೊಂದು ಬಾರ್ಗೀರ. ಸಿಲ್ಲೇದಾರ ಅಂದ್ರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೈನ್ಯ ಸೇರುವವನು. ಅವನಿಗೆ ಸಂಬಳ ಜಾಸ್ತಿ. ಆದರೆ ಕುದುರೆ ಸತ್ತರೆ ಅವನ ಬದುಕೂ ಮುಗೀತು, ಹಾಗಾಗಿ ಯುದ್ಧದಲ್ಲಿ ಶತ್ರುವಿಗಿಂತ ತನ್ನ ಕುದುರೆಯ ಚಿಂತೆಯೇ ಅವನಿಗೆ ಹೆಚ್ಚು. ಬಾರ್ಗೀರ ಅಂದ್ರೆ ಸ್ವಂತ ಕುದುರೆ ಇಲ್ಲದವನು. ಸರ್ಕಾರದ ಕುದುರೆಯನ್ನೋ, ಧಣಿಯ ಕುದುರೆಯನ್ನೋ ಏರುವವನು. ಕುದುರೆಯ ಬೆಲೆ ಸರ್ಕಾರದ್ದು, ಬೆವರು ಬಡವನದ್ದು. ಹೈದರ್ ಕಾಲದಲ್ಲಿ ಎರಡೂ ಪದ್ಧತಿ ಇತ್ತು. ಕುದುರೆ ಕೊಳ್ಳುವ ಶಕ್ತಿ ಇಲ್ಲದ ಮನೆಯ ಹುಡುಗ ಸವಾರನಾಗಿದ್ದು ಈ ಎರಡನೇ ಬಾಗಿಲಿಂದ.

ಟಿಪ್ಪುವಿನ ನಂತರವೂ ಆ ಬಾಗಿಲು ಮುಚ್ಚಲಿಲ್ಲ. ದಿವಾನ್ ಪೂರ್ಣಯ್ಯನವರು ಸಿಲ್ಲೇದಾರರ ಪಡೆ ಕಟ್ಟಿದರು. 1807ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ 4,000 ಸವಾರರನ್ನು ಸದಾ ಸಿದ್ಧವಾಗಿ ಇಡಬೇಕಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸಂಸ್ಥಾನದ ಖರ್ಚಿನಲ್ಲಿ ಮೈಸೂರು ಲ್ಯಾನ್ಸರ್ಸ್ ಬಂತು. 1918ರ ಸೆಪ್ಟೆಂಬರ್ 23ರಂದು ಇವತ್ತಿನ ಇಸ್ರೇಲ್‌ನ ಹೈಫಾ ನಗರದಲ್ಲಿ, ಮೆಷಿನ್ ಗನ್ನುಗಳ ಎದುರು ಈಟಿ ಹಿಡಿದು ನುಗ್ಗಿದವರು ಜೋಧಪುರ ಮತ್ತು ಮೈಸೂರಿನ ಸವಾರರು. ಮೌಂಟ್ ಕಾರ್ಮೆಲ್ ಬೆಟ್ಟದ ಫಿರಂಗಿಗಳನ್ನು ಹಿಡಿದದ್ದು ನಮ್ಮವರು. ದೆಹಲಿಯ ತೀನ್ ಮೂರ್ತಿ ನೋಡಿದ್ದೀರಲ್ಲ? ಆ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು.

1953ರಲ್ಲಿ ಸಂಸ್ಥಾನಗಳ ಅಶ್ವದಳಗಳೆಲ್ಲ ಸೇರಿ ಭಾರತೀಯ ಸೇನೆಯ 61ನೇ ಕ್ಯಾವಲ್ರಿ ಆಯಿತು. ಮೈಸೂರಿನಲ್ಲಿ ಪೊಲೀಸ್ ಅಶ್ವಾರೋಹಿ ದಳ ಉಳಿಯಿತು. ದಸರಾ ಜಂಬೂಸವಾರಿಯಲ್ಲಿ ನೀವು ಟಿವಿಯಲ್ಲಿ ನೋಡೋದು ಅವರನ್ನೇ. ಅಲ್ಲಿಗೆ ಬಡವನ ಮಗ ಸರ್ಕಾರದ ಕುದುರೆ ಏರುವ ದಾರಿ ಹೆಚ್ಚೂ ಕಡಿಮೆ ಮುಚ್ಚಿತು. ಈಗ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕುದುರೆ ಕಾಣೋದು ಎಲ್ಲಿ? ಮದುವೆ ಮೆರವಣಿಗೆಯಲ್ಲಿ. ಇಲ್ಲಾಂದ್ರೆ ಸುಗ್ಗಿ ಮುಗಿದ ಮೇಲೆ ಉತ್ತರದ ಕಡೆಯಿಂದ ಕುರಿ ಮಂದೆ ಹೊಡೆದುಕೊಂಡು ಬರುವವರ ಸಾಮಾನು ಹೊತ್ತು, ರಸ್ತೆ ಪಕ್ಕ ನಡೆಯುವ ಕುದುರೆಗಳಲ್ಲಿ.

ಇದರ ಪರಿಣಾಮ ಏನಾಯ್ತು? 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಬೆಳ್ಳಿ ಗೆದ್ದರು. ಕುದುರೆ ಸವಾರಿಯಲ್ಲಿ ಭಾರತಕ್ಕೆ 1982ರ ನಂತರ ಸಿಕ್ಕ ಮೊದಲ ವೈಯಕ್ತಿಕ ಪದಕ ಅದು. ಹೆಮ್ಮೆ ಪಡೋಣ. ಆದರೆ ಜಗಳೂರಿನ ರೈತನ ಮಗಳು ಆ ಪದಕದ ಕನಸು ಕಾಣಬೇಕಾದರೆ ಮೊದಲು ಒಂದು ಕುದುರೆ ಮುಟ್ಟಬೇಕಲ್ಲ? ಎಲ್ಲಿ ಮುಟ್ಟುತ್ತಾಳೆ?

ಕಾಲೇಜಲ್ಲಿ ಸವಾರಿ ಕಲಿಸೋದು ಆಗದ ಮಾತೇನಲ್ಲ. ರಾಜಸ್ಥಾನದ ವನಸ್ಥಲಿ ವಿದ್ಯಾಪೀಠ 1935ರಲ್ಲಿ ಹೆಣ್ಣುಮಕ್ಕಳಿಗಾಗಿ ಶುರುವಾದ ಸಂಸ್ಥೆ. ಅಲ್ಲಿ ಹುಡುಗಿಯರು ಓದಿನ ಜತೆಗೇ ಕುದುರೆ ಸವಾರಿ ಕಲಿಯುತ್ತಾರೆ. ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ ಘಟಕ ಇದೆ, ಕೆಡೆಟ್‌ಗಳು ಸವಾರಿ ಕಲಿಯುತ್ತಾರೆ. ಎನ್‌ಸಿಸಿಯನ್ನು ಕ್ರೆಡಿಟ್ ಇರುವ ಐಚ್ಛಿಕ ವಿಷಯವಾಗಿ ಓದಬಹುದು ಅಂತ ಯುಜಿಸಿ 2021ರಲ್ಲೇ ಕಾಲೇಜುಗಳಿಗೆ ಹೇಳಿದೆ. ಕಾಗದದ ಮೇಲೆ ದಾರಿ ಇದೆ. ಆ ದಾರಿ ನಮ್ಮ ತಾಲ್ಲೂಕಿನವರೆಗೆ ಬರಬೇಕು, ಅಷ್ಟೇ.

ಅಂದಹಾಗೆ ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಅಂತಾರೆ. ಔರಂಗಜೇಬನ ಸೈನ್ಯಕ್ಕೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ. ಅವಳ ಹೆಸರಿನ ಊರಲ್ಲಿ ಹೆಣ್ಣುಮಕ್ಕಳಿಗೆ ಸವಾರಿ ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ.

ಈಗ ನಿಮ್ಮ ಪ್ರಶ್ನೆ, ದುಡ್ಡು. ಲೆಕ್ಕ ಮುಚ್ಚಿಡೋದು ಬೇಡ. ಒಂದು ಕುದುರೆಗೆ ದಿನಕ್ಕೆ ಹುಲ್ಲು, ಹುರುಳಿ ಎಲ್ಲ ಸೇರಿ ಹತ್ತು ಕಿಲೋ ಆಸುಪಾಸು ಮೇವು ಬೇಕು. ಮೂವತ್ತು, ನಲವತ್ತು ಲೀಟರ್ ನೀರು ಬೇಕು. ಆರು ವಾರಕ್ಕೊಮ್ಮೆ ಲಾಳ ನೋಡಬೇಕು. ಡಾಕ್ಟರು ಬೇಕು, ಕಲಿಸುವ ಉಸ್ತಾದ್ ಬೇಕು, ಮಕ್ಕಳಿಗೆ ಹೆಲ್ಮೆಟ್ ಮತ್ತು ವಿಮೆ ಬೇಕು. ಬೇಸಿಗೆಯಲ್ಲಿ ಜನರೇ ಟ್ಯಾಂಕರ್ ಕಾಯುವ ಜಗಳೂರಲ್ಲಿ ಲಾಯ ಕಟ್ಟಿ ಅಂತ ನಾನು ಹೇಳಲ್ಲ, ಅದು ಅನ್ಯಾಯ. ಕಾಲೇಜಿಗೊಂದು ಲಾಯವೂ ಬೇಡ. ನಾಲ್ಕು ತಾಲ್ಲೂಕಿಗೆ ಸೇರಿ ಒಂದೇ ಲಾಯ ಸಾಕು, ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ. ನ್ಯಾಮತಿ ಪಕ್ಕದಲ್ಲೇ ಇದೆ, ಮೊನ್ನೆ ಮೊನ್ನೆವರೆಗೆ ಹೊನ್ನಾಳಿ ತಾಲ್ಲೂಕೇ ಆಗಿತ್ತು. ಚನ್ನಗಿರಿಯವರು ವಾರಕ್ಕೆರಡು ದಿನ ಬರಲಿ. ದಾವಣಗೆರೆಯ ಆಚೆ ಇರುವ ಜಗಳೂರಿನ ಮಕ್ಕಳಿಗೆ ರಜೆಯಲ್ಲಿ ಶಿಬಿರ ಮಾಡಲಿ. ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲೇ ಇದೆ.

ಹತ್ತು ಕುದುರೆ ಅಂದುಕೊಳ್ಳಿ. ಒಂದೊಂದು ಕುದುರೆ ದಿನಕ್ಕೆ ಮೂರು ಮಕ್ಕಳನ್ನು ಹೊತ್ತರೆ ಮೂವತ್ತು ಪಾಠ, ವಾರದ ಆರು ದಿನಕ್ಕೆ ನೂರ ಎಂಬತ್ತು. ಒಬ್ಬೊಬ್ಬರಿಗೆ ವಾರಕ್ಕೆ ಎರಡು ಪಾಠ ಅಂದ್ರೆ ತೊಂಬತ್ತು ವಿದ್ಯಾರ್ಥಿಗಳು. ಕಡಿಮೆ ಅನ್ಸುತ್ತಾ? ಆ ತೊಂಬತ್ತರಲ್ಲಿ ಒಬ್ಬರು ಪೊಲೀಸ್ ಅಶ್ವದಳ ಸೇರಬಹುದು, ಒಬ್ಬರು ಸೇನೆಗೆ ಹೋಗಬಹುದು, ಒಬ್ಬರು ಲಾಳ ಕಟ್ಟುವ ಕಸುಬು ಕಲಿತು ಕುಣಿಗಲ್‌ನ ಕುದುರೆ ಫಾರಂನಲ್ಲಿ ಕೆಲಸ ಹಿಡಿಯಬಹುದು. ಉಳಿದವರಿಗೆ ಬೆನ್ನು ನೆಟ್ಟಗಾಗುತ್ತೆ, ತೊಡೆಗೆ ಬಲ ಬರುತ್ತೆ, ಭಯ ಹೋಗುತ್ತೆ. ಜತೆಗೆ, ತಾನು ಉಣ್ಣುವ ಮೊದಲು ಇನ್ನೊಂದು ಜೀವಕ್ಕೆ ಮೇವು ಹಾಕಬೇಕು ಅನ್ನೋದು ಗೊತ್ತಾಗುತ್ತೆ. ಯಾವ ಜಿಮ್ ಕಲಿಸುತ್ತೆ ಹೇಳಿ ಇದನ್ನ?

'ಕುದುರೆ ಕಂಡರೆ ಕಾಲು ನೋವು' ಅಂತ ನಮ್ಮಲ್ಲಿ ಗಾದೆ ಇದೆ. ನಡೆಯೋ ಶಕ್ತಿ ಇದ್ದೂ ಸೋಮಾರಿಯಾಗುವವನನ್ನು ಕಂಡು ಹೇಳಿದ್ದು. ನಮ್ಮ ತಾಲ್ಲೂಕಿನ ಮಕ್ಕಳಿಗೆ ಆ ಗಾದೆ ಅನ್ವಯಿಸಲ್ಲ. ಅವರ ಕಾಲು ಗಟ್ಟಿಯಾಗೇ ಇದೆ, ಕುದುರೆಯನ್ನೇ ಅವರು ಕಂಡಿಲ್ಲ. ರಾಜರು, ಸುಲ್ತಾನರು ಯುದ್ಧಕ್ಕಾಗಿಯಾದರೂ ಬಡವನ ಮಗನನ್ನು ಕುದುರೆ ಹತ್ತಿಸಿದರು. ಪ್ರಜೆಗಳದ್ದೇ ಸರ್ಕಾರ ಅನ್ನುವ ಈ ಕಾಲದಲ್ಲಿ ಓದಿಗಾಗಿ, ಆರೋಗ್ಯಕ್ಕಾಗಿ ಅದನ್ನ ಮಾಡೋಕಾಗಲ್ವಾ?

ಶಿಕ್ಷಣ ಸಚಿವರು, ದಾವಣಗೆರೆ ವಿಶ್ವವಿದ್ಯಾನಿಲಯದವರು ಉತ್ತರ ಹೇಳಬೇಕು. ನಾವು ಕೇಳ್ತಾನೇ ಇರ್ತೀವಿ.