ನಡುಮನೆಯ ನೀಲಿ

ಈ ಬೇಸಗೆಯಲ್ಲಿ ಊರಿನ ಮನೆಗೆ ಬಣ್ಣ ಬಳಿಸುವ ಮಾತು ಬಂದಾಗ ನನಗೂ ನನ್ನ ತಮ್ಮನಿಗೂ ಸಣ್ಣದೊಂದು ಜಗಳವಾಯಿತು. ತಂದೆಯವರು ತೀರಿಕೊಂಡ ಮೇಲೆ ಮನೆಯನ್ನು ಒಪ್ಪಮಾಡಿಸುತ್ತಿದ್ದುದು ಅದೇ ಮೊದಲು. ನಡುಮನೆಯ ಗೋಡೆಯನ್ನು ಕೆರೆಯುತ್ತಿದ್ದಂತೆ ಪ್ಲಾಸ್ಟಿಕ್ ಬಣ್ಣದ ಒಂದು ಪದರ, ಅದರಡಿಯ ಡಿಸ್ಟೆಂಪರಿನ ಒಂದು ಪದರ ಉದುರಿ, ಅವುಗಳ ಕೆಳಗಿನಿಂದ ಗಾಢವಾದ ನೀಲಿ ಕಾಣಿಸಿಕೊಂಡಿತು. ನಾನು ಹುಡುಗನಾಗಿದ್ದಾಗಿನ ನೀಲಿ ಅದು. “ಇದನ್ನೇ ಮತ್ತೆ ಬಳಿಸೋಣ” ಎಂದೆ. ತಮ್ಮ ನಕ್ಕುಬಿಟ್ಟ. “ಬಿಡಣ್ಣ, ಬಂದ ನೆಂಟರು ಏನಂದುಕೊಳ್ತಾರೆ? ಅದು ಬಡವರ ಮನೆ ಬಣ್ಣ.”

ಅವನ ಮಾತು ಸುಳ್ಳಲ್ಲ. ನಮ್ಮ ಊರಿನಲ್ಲಿ ಹಬ್ಬಕ್ಕೆ ಮುನ್ನ ಸುಣ್ಣ ಬಳಿಯುವಾಗ ಅದಕ್ಕೆ ನೀಲಿಯ ಪುಡಿ ಬೆರೆಸುತ್ತಿದ್ದರು. ಬಟ್ಟೆಗೆ ಹಾಕುವ ನೀಲಿಯೇ ಅದು. ಅಜ್ಜಿ ಅದನ್ನು ಹರಕು ಬಟ್ಟೆಯಲ್ಲಿ ಗಂಟು ಕಟ್ಟಿ ಸುಣ್ಣದ ನೀರಿನಲ್ಲಿ ಆಡಿಸುತ್ತಿದ್ದಳು. ಚಿಟಿಕೆಯಷ್ಟಾದರೆ ಸುಣ್ಣದ ಹಳದಿ ಛಾಯೆ ಅಡಗಿ ಬಿಳುಪು ಇನ್ನಷ್ಟು ಬಿಳುಪಾಗುತ್ತದೆ. ಅಜ್ಜಿಯ ಲೆಕ್ಕ ಅಷ್ಟೇ. ನಮ್ಮ ತಂದೆಯವರು ಮಾತ್ರ ಒಂದು ವರ್ಷ ಯಾರನ್ನೂ ಕೇಳದೆ ಪೊಟ್ಟಣದ ಮೇಲೆ ಪೊಟ್ಟಣ ಸುರಿದುಬಿಟ್ಟರು. ನಡುಮನೆ ನವಿಲಿನ ಕೊರಳಿನಂತಾಯಿತು. “ಇದೇನು ಮನೆಯೋ, ನಾಟಕದ ಪರದೆಯೋ?” ಎಂದು ಅಜ್ಜಿ ಎರಡು ದಿನ ಮುನಿಸಿಕೊಂಡಿದ್ದಳು. ಗೋಡೆಗೆ ಒರಗಿ ಪಾಠ ಓದಿದ ನಮ್ಮ ಅಂಗಿಗಳ ಬೆನ್ನೆಲ್ಲ ನೀಲಿ.

ಬಡವರ ಬಣ್ಣ ಎಂಬ ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಕನ್ನಡದ ಮೇಷ್ಟರಿಗೆ ಮೊದಲು ಕಾಣುವುದು ಶಬ್ದ. ‘ನೀಲಿ’ ಎಂದರೆ ಗಿಡವೂ ಹೌದು, ಅದರಿಂದ ತೆಗೆದ ಬಣ್ಣವೂ ಹೌದು. 1859ರಲ್ಲಿ ಬಂಗಾಳದ ರೈತರು ದಂಗೆಯೆದ್ದದ್ದು, 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು ಆ ನೀಲಿಯ ಬೆಳೆಯ ದೆಸೆಯಿಂದ. ನಮ್ಮ ಅಜ್ಜಿಯ ಗಂಟಿನಲ್ಲಿದ್ದುದೂ ಅದೇ ಎಂದು ನಾನು ಬಹುಕಾಲ ನಂಬಿದ್ದೆ. ತರಗತಿಯಲ್ಲಿ ಹಾಗೆಂದು ಹೇಳಿದ್ದೂ ಉಂಟು. ಅದು ತಪ್ಪು. ಹೆಸರು ಒಂದೇ ಆದರೂ ವಸ್ತು ಬೇರೆ. ಗೋಡೆಯ ನೀಲಿ ಗಿಡದ ಮಗುವಲ್ಲ, ಕಲ್ಲಿನ ಮಗು.

ಆ ಕಲ್ಲನ್ನು ಸಂಸ್ಕೃತದಲ್ಲಿ ರಾಜಾವರ್ತ ಎನ್ನುತ್ತಾರೆ. ಅಫಘಾನಿಸ್ತಾನದ ಬದಖ್ಶಾನದ ಗಣಿಗಳಿಂದ ಸಾವಿರಾರು ವರ್ಷ ಅದು ಲೋಕದ ನಾನಾ ಕಡೆಗೆ ಹೋಯಿತು. ಅಜಂತದ ಚಿತ್ರಗಳಲ್ಲಿರುವ ನೀಲಿ ಅದೇ. ಕಡಲು ದಾಟಿ ಬಂದದ್ದೆಂದು ಯೂರೋಪಿನವರು ಅದರ ಪುಡಿಗೆ ‘ಅಲ್ಟ್ರಾಮರೀನ್’, ಅಂದರೆ ಕಡಲಾಚೆಯದು, ಎಂದು ಹೆಸರಿಟ್ಟರು. ಅದರ ಬೆಲೆಯೂ ಹಾಗೆಯೇ ಕೈಗೆ ನಿಲುಕದಂತಿತ್ತು. 1485ರಲ್ಲಿ ಫ್ಲಾರೆನ್ಸಿನ ಅನಾಥಾಲಯವೊಂದು ಘಿರ್ಲಾಂದಾಯೋ ಎಂಬ ಚಿತ್ರಕಾರನೊಡನೆ ಕರಾರು ಮಾಡಿಕೊಂಡಿತು. ಬಳಸುವ ನೀಲಿ ಔನ್ಸಿಗೆ ಸುಮಾರು ನಾಲ್ಕು ಫ್ಲಾರಿನ್ ಬೆಲೆಯದೇ ಆಗಿರಬೇಕೆಂದು ಅದರಲ್ಲಿ ಬರೆಸಿದೆ. ಫ್ಲಾರಿನ್ ಎಂದರೆ ಚಿನ್ನದ ನಾಣ್ಯ. ಮೇರಿ ಮಾತೆಯ ಮೇಲುಹೊದಿಕೆಗೆ ಸಲ್ಲುವ ಇಂಥ ಬಣ್ಣವನ್ನು ಕೋಣೆಯ ಗೋಡೆಗೆ ಬಳಿಯುವ ಮಾತನ್ನು ಯಾರು ತಾನೆ ಎತ್ತಿಯಾರು?

1706ರ ಸುಮಾರಿಗೆ ಬರ್ಲಿನ್ನಿನಲ್ಲಿ ಪ್ರಷ್ಯನ್ ನೀಲಿ ಎಂಬ ಕೃತಕ ಬಣ್ಣ ಆಕಸ್ಮಿಕವಾಗಿ ಹುಟ್ಟಿತು. ಬೆಲೆ ಅಗ್ಗವಾದ್ದರಿಂದ ಚಿತ್ರಕಾರರು ಹರ್ಷಪಟ್ಟರು. ಅನುಕೂಲಸ್ಥರ ಮನೆಗಳ ಕೋಣೆಗಳಿಗೂ ಅದು ಬಂದಿತು. ಆದರೆ ಅದಕ್ಕೆ ಸುಣ್ಣದೊಡನೆ ಬದ್ಧವೈರ. ಸುಣ್ಣದ ಕ್ಷಾರ ತಾಕಿದರೆ ನೀಲಿ ಕೆಟ್ಟು ಕಂದುಬಣ್ಣಕ್ಕೆ ತಿರುಗುತ್ತದೆ. ಎಣ್ಣೆಬಣ್ಣಕ್ಕೋ ಗೋಡೆಕಾಗದಕ್ಕೋ ದುಡ್ಡಿದ್ದವರಿಗೆ ಅದು ಒದಗಿತೇ ಹೊರತು, ಸುಣ್ಣವಲ್ಲದೆ ಬೇರೇನೂ ಕೊಳ್ಳಲಾರದವರಿಗೆ ಒದಗಲಿಲ್ಲ.

ಸುಣ್ಣಕ್ಕೆ ಒಗ್ಗುವ ನೀಲಿಯ ಮೊದಲ ಸುಳಿವು ಸಿಕ್ಕಿದ್ದು ಸುಣ್ಣದ ಗೂಡಿನಲ್ಲಿಯೇ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. 1787ರಲ್ಲಿ ಜರ್ಮನಿಯ ಮಹಾಕವಿ ಗಯಟೆ ಸಿಸಿಲಿಯ ಪಲೆರ್ಮೋ ನಗರದಲ್ಲಿದ್ದಾಗ, ಸುಣ್ಣದ ಗೂಡುಗಳಲ್ಲಿ ನೀಲಿಯ ಗಾಜಿನಂಥ ವಸ್ತು ಕಟ್ಟಿಕೊಳ್ಳುವುದನ್ನೂ, ಅಲ್ಲಿಯವರು ಅದನ್ನು ರಾಜಾವರ್ತಕ್ಕೆ ಬದಲಾಗಿ ಅಲಂಕಾರಕ್ಕೆ ಬಳಸುವುದನ್ನೂ ಗಮನಿಸಿದ. ಫ್ರಾನ್ಸಿನ ಸೋಡಾ ಕುಲುಮೆಗಳಲ್ಲಿಯೂ ಇಂಥದೇ ನೀಲಿ ಕಂಡಿತು. 1824ರಲ್ಲಿ ಅಲ್ಲಿನ ಕೈಗಾರಿಕಾ ಪ್ರೋತ್ಸಾಹಕ ಸಂಘವು, ಕಿಲೋಗ್ರಾಮಿಗೆ 300 ಫ್ರಾಂಕು ಮೀರದಂತೆ ಈ ಬಣ್ಣವನ್ನು ಮಾಡಿಕೊಡುವವರಿಗೆ 6,000 ಫ್ರಾಂಕುಗಳ ಬಹುಮಾನ ಸಾರಿತು. 1828ರಲ್ಲಿ ಅದು ಜಾನ್ ಬಾಪ್ಟಿಸ್ಟ್ ಗಿಮೆ ಎಂಬವನಿಗೆ ಸಂದಿತು. ಅದೇ ವರ್ಷ ಜರ್ಮನಿಯ ಗ್ಮೆಲಿನ್ ಎಂಬ ಪ್ರಾಧ್ಯಾಪಕ ತನ್ನ ವಿಧಾನವನ್ನು ಅಚ್ಚುಹಾಕಿಸಿದ. ಯಾರು ಮೊದಲು ಎಂಬ ವ್ಯಾಜ್ಯ ನಡೆಯಿತು. ಅದು ನಮಗೆ ಬೇಡ. ಬೇಕಾದ ಸಾಮಗ್ರಿಯನ್ನು ನೋಡಿ: ಬಿಳಿಯ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು. ಇವನ್ನು ಬೆರೆಸಿ ಕುಲುಮೆಯಲ್ಲಿ ಕಾಯಿಸಿದರೆ ಬದಖ್ಶಾನದ ಕಲ್ಲಿನ ನೀಲಿಯೇ ಕೈಗೆ ಬರುತ್ತದೆ. ಹುಳಿಯೆಂದರೆ ಅದಕ್ಕೆ ಆಗದು, ಸುಣ್ಣವೆಂದರೆ ಅಳುಕಿಲ್ಲ. ಬಟ್ಟೆಯ ನೀಲಿಯಾಗಿ ಇಂಗ್ಲೆಂಡಿನ ಹಲ್ ಪಟ್ಟಣದ ರೆಕಿಟ್ ಮೊದಲಾದ ಕಂಪೆನಿಗಳು ಅದನ್ನು ಮಾರಿದವು. ರಾಬಿನ್ ಬ್ಲೂ ಎಂಬ ಪೊಟ್ಟಣ ನಮ್ಮ ಅಂಗಡಿಗಳಿಗೂ ಬಂದಿತು.

ಗಿಮೆಗೆ ಈ ಪುಡಿಯಿಂದ ಐಶ್ವರ್ಯ ಕೂಡಿತು. ಅವನ ಮಗ ಎಮಿಲ್ 1876ರಲ್ಲಿ ಜಪಾನ್, ಚೀನ, ಭಾರತಗಳನ್ನು ಸುತ್ತಿ, ಪೂರ್ವದೇಶಗಳ ದೇವತಾಮೂರ್ತಿಗಳನ್ನು ಸಂಗ್ರಹಿಸಿ, 1879ರಲ್ಲಿ ಲಿಯಾನಿನಲ್ಲಿ ವಸ್ತುಸಂಗ್ರಹಾಲಯ ತೆರೆದ. 1889ರಲ್ಲಿ ಅದು ಪ್ಯಾರಿಸ್ಸಿಗೆ ಬಂದಿತು. ತಮಿಳುನಾಡಿನ ಕಂಚಿನ ನಟರಾಜನೊಬ್ಬ ಇಂದು ಅಲ್ಲಿದ್ದಾನೆ. ಅಗಸರ ತೊಟ್ಟಿಗೂ ನಮ್ಮ ಅಜ್ಜಿಯ ಗಂಟಿಗೂ ಹೋದ ನೀಲಿಯ ಹಣ ಕಟ್ಟಿದ ಮನೆಯಲ್ಲಿ ನೀಲಕಂಠನಿಗೆ ನೆಲೆ! ಕವಿಗಳ ಕಣ್ಣಿಗೆ ಇದು ಹೇಗೆ ಬೀಳಲಿಲ್ಲವೋ ಕಾಣೆ.

ಇಷ್ಟನ್ನೂ ತಮ್ಮನ ಮುಂದೆ ಒಂದು ಸಂಜೆ ಒಪ್ಪಿಸಿದೆ. ಅವನು ತಾಳ್ಮೆಯಿಂದ ಕೇಳಿ, “ಎಲ್ಲಾ ಸರಿ, ಒರಗಿದರೆ ಬೆನ್ನಿಗೆ ಹತ್ತುತ್ತಲ್ಲ, ಅದಕ್ಕೆ ನಿನ್ನ ಗಿಮೆ ಏನು ಹೇಳಿದ?” ಎಂದ. ಉತ್ತರ ನನ್ನಲ್ಲಿರಲಿಲ್ಲ. ಕಡೆಗೆ ಅಮ್ಮನ ತೀರ್ಪಿನಂತೆ ಮೂರು ಗೋಡೆ ಅವನ ಇಷ್ಟದ ಬಿಳುಪು, ತಂದೆಯವರ ಪಟ ತೂಗುಹಾಕುವ ಒಂದು ಗೋಡೆ ನನ್ನದು ಎಂದಾಯಿತು. ಪೇಟೆಯಲ್ಲಿ ಸುಣ್ಣವನ್ನು ಹುಡುಕುವುದೇ ಈಗ ಕಷ್ಟ. ನೀಲಿ ಸುಲಭವಾಗಿ ಸಿಕ್ಕಿತು. ಬೆನ್ನಿಗೆ ಹತ್ತದಿರಲೆಂದು ಗೋಂದು ಹಾಕಿ ನಾನೇ ಕಲಸಿದೆ. ಪುಡಿ ಎಷ್ಟು ಬಿದ್ದಿತೋ ಅಳೆಯಲಿಲ್ಲ.

ಬಳಿದ ಕೂಡಲೆ ಗೋಡೆ ಬಹಳ ಕಪ್ಪಾಗಿ ಕಂಡು ನನಗೇ ದಿಗಿಲಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಹೇಳಿದಳು: “ಅವತ್ತೂ ಹೀಗೇ ಇತ್ತು. ಒಣಗಲಿ ಬಿಡು, ಬಣ್ಣ ಏಳುತ್ತೆ.”